ಫಾಂಗಕ್ಕನ ಕೈಗುಣ

ನಾರ್ತ್ ಪಾಯಿಂಟಿನ ಸಂತೆಬೀದಿಯಲ್ಲಿ ಯಾರ ಮನೆಯಲ್ಲಾದರೂ ಮದುವೆ ಗೊತ್ತಾಯಿತೆಂದರೆ ಮೊದಲು ಪಂಚಾಂಗ ನೋಡಿಸುತ್ತಿದ್ದರು, ಆಮೇಲೆ ಹೋಟೆಲಿಗೆ ಮುಂಗಡ ಕೊಡುತ್ತಿದ್ದರು, ಅಲ್ಲಿಂದ ನೇರ ಬಂದು ಫಾಂಗಕ್ಕನ ಬಾಗಿಲು ತಟ್ಟುತ್ತಿದ್ದರು. ಮದುವೆಯ ಹಿಂದಿನ ದಿನ ಪಂಚಾಂಗ ಹೇಳಿದ ಗಳಿಗೆಗೆ ಸರಿಯಾಗಿ ಮದುಮಗಳನ್ನು ಕಿಟಕಿಯ ಮುಂದೆ ಕೂರಿಸಿ, ಹೊಸ ಬಾಚಣಿಗೆಯಲ್ಲಿ ನೆತ್ತಿಯಿಂದ ತುದಿಯವರೆಗೆ ನಾಲ್ಕು ಸಲ ಬಾಚಬೇಕು. ಒಂದೊಂದು ಸಲಕ್ಕೂ ಒಂದೊಂದು ಹಾರೈಕೆ. ಕೆಲಸ ಇಷ್ಟೇ. ಆದರೆ ಬಾಚುವವಳು ಯಾರೋ ಒಬ್ಬಳಾದರೆ ನಡೆಯುವುದಿಲ್ಲ. ಗಂಡ ಬದುಕಿರಬೇಕು, ಜೊತೆಗಿರಬೇಕು. ಹೆಣ್ಣು ಗಂಡು ಎರಡೂ ಮಕ್ಕಳಿರಬೇಕು. ಮನೆಯಲ್ಲಿ ಸಾವು ನೋವು ಇರಬಾರದು.

ಫಾಂಗಕ್ಕನಿಗೆ ಎಲ್ಲವೂ ಇತ್ತು. ಮಗ ಒಬ್ಬ, ಮಗಳು ಒಬ್ಬಳು, ಇಬ್ಬರೂ ಮದುವೆಯಾಗಿ ಬೇರೆ ಇದ್ದರು. ಗಂಡ ಬಿಂಗ್ ಮೂವತ್ತೊಂದು ವರ್ಷ ಟ್ರಾಮ್ ಓಡಿಸಿ ನಿವೃತ್ತನಾದವನು. ಅರವತ್ತೇಳಾದರೂ ಹಲ್ಲೆಲ್ಲ ಸ್ವಂತದ್ದೇ. ಇಪ್ಪತ್ತು ವರ್ಷದಲ್ಲಿ ಫಾಂಗಕ್ಕ ನಾನೂರಕ್ಕೂ ಮಿಕ್ಕಿ ತಲೆ ಬಾಚಿದ್ದಳು. ಬೀದಿಯಲ್ಲಿ ನಡೆದುಹೋಗುವಾಗ ಪರೀಕ್ಷೆಗೆ ಹೊರಟ ಹುಡುಗಿಯರು ಅವಳ ತೋಳು ಮುಟ್ಟಿ ಹೋಗುತ್ತಿದ್ದರು. ಮೀನಿನವನು ಬೆಳಗಿನ ಮೊದಲ ವ್ಯಾಪಾರ ಅವಳಿಂದಲೇ ಆಗಲಿ ಎಂದು ಕಾಯುತ್ತಿದ್ದ. ಇಷ್ಟೆಲ್ಲ ಆದಮೇಲೆ ತನ್ನ ಕೈಯಲ್ಲಿ ಏನೋ ಇದೆ ಎಂದು ಒಬ್ಬ ಹೆಂಗಸಿಗೆ ಅನಿಸಿದರೆ ತಪ್ಪೇನು? ತಪ್ಪಿಲ್ಲ. ಆದರೆ ಆ ಕೈಯನ್ನು ಎಲ್ಲಿ ಚಾಚಿದಳು ಎಂಬುದು ಬೇರೆ ಮಾತು.

ಪಕ್ಕದ ಮನೆಯವಳು ಒಮ್ಮೆ ಕರೆದಳೆಂದು ಜೂಜಿನ ಹಡಗಿಗೆ ಹೋಗಿದ್ದಳು. ಸಂಜೆ ಹೊರಟು ಮರುದಿನ ಮಧ್ಯಾಹ್ನ ದಡಕ್ಕೆ ಮರಳುವ ಹಡಗು. ಒಂದಿಷ್ಟು ಟೋಕನ್ ಕೊಂಡರೆ ಮಲಗಲು ಹಾಸಿಗೆ, ಹೊಟ್ಟೆ ಬಿರಿಯುವಷ್ಟು ಊಟ, ಎಲ್ಲ ಪುಕ್ಕಟೆ. ಸೀಗಡಿ ತಿಂದು ಬರೋಣ ಎಂದು ಹೋದವಳು ಎರಡು ವರ್ಷ ಬಿಡದೆ ಹೋದಳು. ಸೀಗಡಿ ನೆಪ. ಮೇಜಿನ ಸುತ್ತ ಕೂತವರು ಅವಳ ಕಸುಬು ತಿಳಿದ ಕೂಡಲೇ ಜಾಗ ಬಿಟ್ಟು ಕೂರಿಸಿಕೊಳ್ಳುತ್ತಿದ್ದರು, ಅದು ಅವಳಿಗೆ ಹಿಡಿಸಿತ್ತು. ಬಿಂಗ್ ಕೇಳಿದರೆ, "ತುಯೆನ್ ಮುನ್‌ನಲ್ಲಿ ಒಂದು ಮದುವೆ ಇದೆ ಕಣ್ರೀ, ದೂರ, ರಾತ್ರಿ ಅಲ್ಲೇ ಉಳ್ಕೋತೀನಿ," ಎನ್ನುತ್ತಿದ್ದಳು. ತುಯೆನ್ ಮುನ್‌ನಲ್ಲಿ ಇಷ್ಟೊಂದು ಮದುವೆಗಳಾಗುತ್ತವೆಯೇ ಎಂದು ಬಿಂಗ್ ಒಂದು ದಿನವೂ ಕೇಳಲಿಲ್ಲ. ಅವನು ಅಂಥವನು.

ಆ ಸಲ ಸುಳ್ಳು ಹೇಳುವ ಅಗತ್ಯವೂ ಬೀಳಲಿಲ್ಲ. ಬಿಂಗ್ ತನ್ನ ಹಿರಿಯರ ಗೋರಿ ರಿಪೇರಿ ಮಾಡಿಸಲು ಫುಜಿಯಾನಿನ ಹಳ್ಳಿಗೆ ಹೋಗಿದ್ದ. ಹಡಗಿನಲ್ಲಿ ಗುರುವಾರ ಬೆಳಿಗ್ಗೆ ಗಂಜಿ ಕುಡಿದು ಫಾಂಗಕ್ಕ ಮೇಜಿಗೆ ಬಂದಾಗ ಎದುರಿಗೆ ಹೋ-ಯಿನ್ ಕೂತಿದ್ದ. ತೋಫು ಅಂಗಡಿಯ ಕಾಮ್-ಹಾಳ ಮಗಳು ಪುಯ್-ಶಾನ್‌ಳನ್ನು ಭಾನುವಾರ ಮದುವೆಯಾಗಲಿದ್ದ ಹುಡುಗ. ಏರ್‌ಕಂಡೀಷನರ್ ರಿಪೇರಿ ಕೆಲಸ. ಗೆಳೆಯರು ಮದುವೆಗೆ ಮುಂಚೆ ಒಂದು ಮಜಾ ಎಂದು ಎಳೆದುಕೊಂಡು ಬಂದಿದ್ದರು.

ಅವನನ್ನು ಕಂಡದ್ದೇ ಅವಳಿಗೆ ಎದ್ದು ಓಡುವಂತಾಯಿತು. ಅವನಿಗೋ ಸಂತೋಷ.

"ದೊಡ್ಡಮ್ಮ! ನೀವಾ? ಬನ್ನಿ ಬನ್ನಿ, ಇಲ್ಲಿ ಕೂತ್ಕೊಳ್ಳಿ. ಬೆಳಗ್ಗಿಂದ ಬರೀ ಸೋಲು ನಂದು."

ಆಟ ಸರಳ. ಎರಡು ಪಕ್ಷ. ಯಾರ ಇಸ್ಪೀಟು ಎಲೆಗಳು ಒಂಬತ್ತಕ್ಕೆ ಹತ್ತಿರವೋ ಅವರಿಗೆ ಗೆಲುವು. ಹೆಚ್ಚು ದುಡ್ಡು ಇಟ್ಟವನಿಗೆ ಎಲೆ ಮಗುಚುವ ಹಕ್ಕು; ಅಂಚನ್ನು ಇಷ್ಟಿಷ್ಟೇ ಎತ್ತಿ, ಒಂದೊಂದೇ ಚುಕ್ಕಿ ಇಣುಕಿ ನೋಡಿ, ಮೇಜಿನವರ ಜೀವ ಬಾಯಿಗೆ ಬರಿಸಿ ಮಗುಚುತ್ತಾರೆ. ಹೋ-ಯಿನ್ ಎರಡು ಸಾವಿರ ಇಟ್ಟು, ಎಲೆಗಳನ್ನು ಅವಳತ್ತ ತಳ್ಳಿದ.

"ನೀವೇ ಮಗುಚಿ. ಶನಿವಾರ ನಮ್ಮ ಪುಯ್-ಶಾನ್ ತಲೆ ಬಾಚೋ ಕೈ ಅಲ್ವಾ ಇದು."

ಮಗುಚಿದಳು. ಎಂಟು. ಮತ್ತೆ ಮಗುಚಿದಳು. ಒಂಬತ್ತು. ಪಕ್ಕದಲ್ಲಿದ್ದ ಮುದುಕನೊಬ್ಬ ಅವಳ ತೋಳು ಸವರಿ ಹಣೆಗೆ ಕೈ ಇಟ್ಟುಕೊಂಡ. ಹೋ-ಯಿನ್ ಟೋಕನ್‌ಗಳನ್ನು ಬಾಚಿ ಜೇಬಿಗೆ ಸುರಿದುಕೊಂಡು ಎದ್ದು ನಿಂತ. "ಸಾಕು ದೊಡ್ಡಮ್ಮ. ಸೋತಿದ್ದೆಲ್ಲ ಬಂತು, ಮೇಲೆ ಸ್ವಲ್ಪ ಬಂತು. ಹೋಗಿ ಮಲಗ್ತೀನಿ."

ಅಲ್ಲಿಗೆ ಮುಗಿಯಬೇಕಿತ್ತು. ಫಾಂಗಕ್ಕ ಅವನ ಅಂಗಿಯ ತುದಿ ಹಿಡಿದು ಎಳೆದಳು.

"ಕೂತ್ಕೋ ಮಾರಾಯ. ಕೈ ಕುದುರಿರೋವಾಗ ಯಾರಾದ್ರೂ ಏಳ್ತಾರಾ? ನಾನಿದೀನಲ್ಲ."

ಅವನು ಎದ್ದುಹೋದರೆ ಎಲೆ ಮಗುಚುವ ಭಾಗ್ಯವೂ ಹೋಗುತ್ತಿತ್ತು, ಮೇಜಿನವರ ಕಣ್ಣು ಬೇರೆಡೆ ತಿರುಗುತ್ತಿತ್ತು. ಅಷ್ಟಕ್ಕೇ ಎಳೆದಳು. ಹೇಳಲು ಬಾಯಿ ಬರುವುದಿಲ್ಲ, ಆದರೆ ನಿಜ ಅದೇ.

ಅವನು ಕೂತ. ಆಮೇಲಿನ ಐದು ಕೈಗಳನ್ನೂ ಅವಳೇ ಮಗುಚಿದಳು, ಐದೂ ಹೋದವು. ಮೂರನೆಯದಕ್ಕೆ ಅವನು ಒಳಜೇಬಿನಿಂದ ಮದುವೆ ಊಟಕ್ಕೆಂದು ಹೋಟೆಲಿಗೆ ಕಟ್ಟಬೇಕಾದ ದುಡ್ಡಿನ ಲಕೋಟೆ ತೆಗೆದ. ಅವಳು ತಡೆಯಲಿಲ್ಲ. ಮುಂದಿನದು ಬಂದೇ ಬರುತ್ತದೆ ಎಂದು ಅವಳಿಗೂ ಖಾತ್ರಿ ಇತ್ತು. ಲಕೋಟೆಯಲ್ಲಿದ್ದ ನಲವತ್ತು ಸಾವಿರ ಡಾಲರು ಕಾಲು ಗಂಟೆಯಲ್ಲಿ ಕರಗಿತು.

ಡೆಕ್ಕಿನ ಮೇಲೆ ಕಂಬಿ ಹಿಡಿದು ನಿಂತಿದ್ದ ಅವನ ಬಳಿಗೆ ಅವಳು ಹೋದಳು.

"ಪುಯ್-ಶಾನ್‌ಗೆ ಏನಂತ ಹೇಳ್ಲಿ ದೊಡ್ಡಮ್ಮ?"

"ಏನೂ ಹೇಳ್ಬೇಡ. ಮದುವೆ ಒಂದು ಕಳೀಲಿ." ತುಸು ತಡೆದು, "ನನ್ನನ್ನ ಇಲ್ಲಿ ನೋಡ್ದೆ ಅಂತಾನೂ ಹೇಳ್ಬೇಡಪ್ಪ," ಎಂದಳು.

ಅವನು ಅವಳ ಮುಖ ನೋಡಿದ. ಆಮೇಲೆ ನೀರಿನ ಕಡೆ ತಿರುಗಿಕೊಂಡ.

ಶನಿವಾರ ಸಂಜೆ ಐದೂಕಾಲಿನ ಗಳಿಗೆಗೆ ಕಾಮ್-ಹಾಳ ಮನೆಯ ಕೋಣೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಪುಯ್-ಶಾನ್ ದಾಳಿಂಬೆ ಎಲೆಯ ನೀರಲ್ಲಿ ಮಿಂದು, ಹೊಸ ಕೆಂಪು ಪೈಜಾಮ ತೊಟ್ಟು, ಕೂದಲು ಬಿಚ್ಚಿ ಕಿಟಕಿಯ ಪಕ್ಕದ ಕನ್ನಡಿಯ ಮುಂದೆ ಕೂತಿದ್ದಳು. ಫಾಂಗಕ್ಕ ಬಾಚಣಿಗೆ ಎತ್ತಿದಳು. ಕನ್ನಡಿಯಲ್ಲಿ ಹುಡುಗಿ ಅವಳನ್ನೇ ನೋಡುತ್ತಿದ್ದಳು. ಬಾಚಣಿಗೆ ನೆತ್ತಿಗೆ ಇಳಿಯಲೊಲ್ಲದು.

"ಏನಾದ್ರೂ ಹೇಳೋದಿದ್ಯಾ ದೊಡ್ಡಮ್ಮ?" ಹುಡುಗಿ ಮೆಲ್ಲಗೆ ಕೇಳಿದಳು.

ಇತ್ತು. ನಿನ್ನ ಗಂಡನಾಗುವವನು ಹೋಟೆಲಿನ ದುಡ್ಡು ಕಳೆದಿದ್ದಾನೆ, ಕಳೆಸಿದವಳು ನಾನು ಎಂದು ಹೇಳುವುದಿತ್ತು. ಹಾಗೆಂದರೆ ನಾಳೆಯಿಂದ ಬೀದಿಯಲ್ಲಿ ಯಾರೂ ತೋಳು ಮುಟ್ಟುವುದಿಲ್ಲ. ಹೇಳದೆ ಬಾಚಿದರೆ ಆ ಹಾರೈಕೆಯ ಮಾತುಗಳೆಲ್ಲ ಸುಳ್ಳಾಗುತ್ತವೆ. ಅವಳು ಬಾಚಣಿಗೆ ಕೆಳಗಿಟ್ಟಳು.

"ನನ್ ಕೈಲಾಗಲ್ಲಮ್ಮ. ಬೇರೆ ಯಾರಿಂದಾದ್ರೂ ಬಾಚಿಸ್ಕೋ."

ತಲೆ ಬಾಚಲು ಬಂದವಳು ಆಗುವುದಿಲ್ಲ ಎಂದರೆ ಆ ಬೀದಿಯಲ್ಲಿ ಅದಕ್ಕೆ ಒಂದೇ ಅರ್ಥ. ಕಾಮ್-ಹಾ ಬಾಯಿಯ ಮೇಲೆ ಕೈ ಇಟ್ಟುಕೊಂಡಳು.

"ಅಯ್ಯೋ ಫಾಂಗಕ್ಕ... ಊರಿಂದ ಸುದ್ದಿ ಬಂತಾ? ಬಿಂಗಣ್ಣ...?"

ಇಲ್ಲ ಎನ್ನಬೇಕಿತ್ತು. ಇಲ್ಲ ಎಂದರೆ ಮತ್ತೇನು ಎಂದು ಕೇಳುತ್ತಾರೆ. ಫಾಂಗಕ್ಕನಿಗೆ ಅಳು ಒತ್ತರಿಸಿ ಬಂತು. ನಾಚಿಕೆಯ ಅಳು ಅದು, ಆದರೆ ಯಾವ ಅಳು ಎಂದು ಯಾರು ವಿಚಾರಿಸುತ್ತಾರೆ? ಅವಳು ತಲೆ ತಗ್ಗಿಸಿದಳು. ತಗ್ಗಿಸಿದ್ದನ್ನು ಹೌದು ಎಂದುಕೊಂಡರು. ಅಷ್ಟು ಹೊತ್ತಿನಲ್ಲಿ, ಗೋರಿಗೆ ಸಿಮೆಂಟು ಮೆತ್ತಿಸುತ್ತ ಫುಜಿಯಾನಿನಲ್ಲಿ ನಿಂತಿದ್ದ ಗಟ್ಟಿಮುಟ್ಟಾದ ಗಂಡಸು ನಾರ್ತ್ ಪಾಯಿಂಟಿನಲ್ಲಿ ಸತ್ತುಹೋದ. ಕಾಮ್-ಹಾಳ ನಾದಿನಿ ಬಾಚಣಿಗೆ ಎತ್ತಿಕೊಂಡಳು. ಮದುವೆ ಮುಗಿಯುವವರೆಗೆ ಸಾವಿನ ಮಾತು ಯಾರೂ ಎತ್ತಕೂಡದೆಂದು ಕಾಮ್-ಹಾ ಕಣ್ಣಲ್ಲೇ ಎಲ್ಲರಿಗೂ ಹೇಳಿದಳು. ಪುಯ್-ಶಾನ್ ಮಾತ್ರ ಕನ್ನಡಿಯಿಂದ ಕಣ್ಣು ಕೀಳಲಿಲ್ಲ.

ಆಮೇಲೆ ಫಾಂಗಕ್ಕ ಬಾಗಿಲು ಹಾಕಿಕೊಂಡು ಮನೆಯೊಳಗೇ ಇದ್ದಳು. ಬುಧವಾರ ರಾತ್ರಿ ಬಿಂಗ್ ಒಣಗಿಸಿದ ಸಿಂಪಿ, ಟೀ ಪುಡಿ ಹೊತ್ತು ಮರಳಿದ. ಅವಳು ಅವನಿಗೆ ಎರಡು ಸಲ ಬಡಿಸಿದಳು. ಅವನ ಬೆನ್ನು ಕಂಡಾಗಲೆಲ್ಲ ಕೆಟ್ಟದೆನಿಸುತ್ತಿತ್ತು, ಮುಖ ಕಂಡರೆ ಇನ್ನೂ ಕೆಟ್ಟದು.

ಗುರುವಾರ ಬೆಳಿಗ್ಗೆ ಬಾಗಿಲ ಗಂಟೆ ಬಡಿಯಿತು. ಅವಳು ಅಡುಗೆಮನೆಯಿಂದ ಬರುವಷ್ಟರಲ್ಲಿ ಬಿಂಗ್ ಬನಿಯನ್ನಿನಲ್ಲೇ ಹೋಗಿ ಕದ ತೆಗೆದಿದ್ದ. ಹೊಸ್ತಿಲಾಚೆ ಕಾಮ್-ಹಾ. ಕಪ್ಪು ಅಂಗಿ, ಕೈಯಲ್ಲಿ ಬಿಳಿ ಲಕೋಟೆ. ಸತ್ತವರ ಮನೆಗೆ ಕೊಡುವ ದುಡ್ಡು. ಬಿಂಗ್‌ನನ್ನು ಕಂಡು ಅವಳು ಗೋಡೆ ಹಿಡಿದುಕೊಂಡಳು.

"ಬಾ ಕಾಮ್-ಹಾ, ಯಾಕೆ ಹಾಗೆ ನೋಡ್ತೀಯಾ? ಮದುವೆ ಚೆನ್ನಾಗಾಯ್ತಾ? ನಾನಿರಲಿಲ್ಲ ನೋಡು," ಎಂದ ಬಿಂಗ್. ಆಮೇಲೆ ಲಕೋಟೆ ಕಂಡ. "ಯಾರು ಹೋದ್ರು?"

ಕಾಮ್-ಹಾ ಅವನ ಹೆಗಲ ಮೇಲಿಂದ ಫಾಂಗಕ್ಕನನ್ನು ನೋಡಿದಳು. ಬಿಂಗ್ ಹಿಂತಿರುಗಿ ನೋಡಿದ. ಟ್ರಾಮ್ ಓಡಿಸಿದವನು, ದೂರದಿಂದಲೇ ಅಡ್ಡ ಬಂದದ್ದನ್ನು ಗುರುತಿಸಿ ಅಭ್ಯಾಸವಿದ್ದವನು. ಅರ್ಥವಾಯಿತು.

"ನಾನಾ?" ಎಂದ.

ಒಳಗೆ ಬಂದು ಕೂತಮೇಲೆ ಕಾಮ್-ಹಾಳ ಬಾಯಿ ಬಿಚ್ಚಿತು. "ಸೂತಕ ಇಟ್ಕೊಂಡು ನನ್ನ ಮಗಳ ತಲೆ ಮುಟ್ಟಲಿಲ್ಲ, ಎಂಥಾ ದೊಡ್ಡ ಮನಸ್ಸು ಅಂತ ಬೀದಿಯೆಲ್ಲ ಹೊಗಳ್ಕೊಂಡು ಬಂದೆ ಫಾಂಗಕ್ಕ. ನಿಮ್ಮೆಜಮಾನರು ಇಲ್ಲಿ ಕಲ್ಲುಗುಂಡಿನ ಹಾಗೆ ಕೂತಿದಾರೆ. ಹಾಗಾದ್ರೆ ನನ್ನ ಮಗಳಲ್ಲಿ ಏನು ಕಂಡ್ರಿ ನೀವು? ಏನು ಕೆಟ್ಟದ್ದು ಕಂಡು ಬಾಚಣಿಗೆ ಕೆಳಗಿಟ್ರಿ? ಐದು ದಿನದಿಂದ ಮನಸ್ಸಿಗೆ ಸಮಾಧಾನವೇ ಇಲ್ಲ ನಂಗೆ. ಮದುವೆ ಊಟದಲ್ಲೂ ಶಾರ್ಕಿನ ರೆಕ್ಕೆಯ ಸಾರು ಹೇಳಿದ್ದರೆ ಜೋಳದ ಸಾರು ಬಂತು, ಆಗ್ಲೇ ಏನೋ ಸರಿ ಇಲ್ಲ ಅಂದ್ಕೊಂಡೆ. ಹೇಳಿ."

"ನಿನ್ನ ಮಗಳಲ್ಲಿ ಏನೂ ಇಲ್ಲ. ಚಿನ್ನದಂಥ ಹುಡುಗಿ."

"ಮತ್ತೆ?"

ಫಾಂಗಕ್ಕ ಹೇಳಿದಳು. ಹಡಗು ಹೇಳಿದಳು, ಎರಡು ವರ್ಷ ಹೇಳಿದಳು, ತುಯೆನ್ ಮುನ್‌ನಲ್ಲಿ ಯಾವ ಮದುವೆಯೂ ಇರಲಿಲ್ಲ ಎಂದು ಗಂಡನ ಕಡೆ ನೋಡದೆ ಹೇಳಿದಳು. ಹೋ-ಯಿನ್ ಅಲ್ಲಿದ್ದ, ಹೋಟೆಲಿನ ದುಡ್ಡೆಲ್ಲ ಆಡಿ ಕಳೆದ, ಎಲೆ ಮಗುಚಿದವಳು ತಾನು ಎಂದೂ ಹೇಳಿದಳು. ಇಷ್ಟು ಹೇಳಿ ನಿಲ್ಲಿಸಿದಳು. ಎದೆ ಹಗುರಾದಂತೆಯೂ ಅನಿಸಿತು. ಥೂ, ಎಂಥ ಹಗುರ ಅದು!

"ಅವನು ಜೂಜುಕೋರನಾ?" ಕಾಮ್-ಹಾ ಬಿಳಿಚಿಹೋದಳು. "ಮೊದಲ್ನಿಂದ್ಲೂ ನನಗೆ ಅವನ ಮೇಲೆ ಅನುಮಾನ. ಫೋನು ಕೊಡಿ ಇಲ್ಲಿ. ಇವತ್ತೇ ಮಗಳನ್ನ ಮನೆಗೆ ಕರ್ಕೊಂಡು ಬರ್ತೀನಿ."

ಪುಯ್-ಶಾನ್ ಕೆಲಸ ಮಾಡುವ ಕನ್ನಡಕದ ಅಂಗಡಿಗೆ ಫೋನು ಹೋಯಿತು. ಕಾಮ್-ಹಾ ಒಂದೇ ಉಸಿರಿಗೆ ಎಲ್ಲ ಒದರಿದಳು, ಆಮೇಲೆ ಸುಮ್ಮನೆ ಕೇಳಿಸಿಕೊಂಡಳು, ಕೊನೆಗೆ ಫೋನನ್ನು ಫಾಂಗಕ್ಕನ ಕಡೆ ಚಾಚಿದಳು. "ನಿಮಗೇ ಕೊಡು ಅಂತಾಳೆ."

"ದೊಡ್ಡಮ್ಮ," ಎಂದಿತು ಆಚೆಯ ದನಿ. ಸಿಟ್ಟಿರಲಿಲ್ಲ ಅದರಲ್ಲಿ. "ಹಡಗಿಂದ ಇಳಿದವನು ಮನೆಗೂ ಹೋಗದೆ ಸೀದಾ ನನ್ನ ಅಂಗಡಿಗೆ ಬಂದ. ಗಿರಾಕಿಗಳ ಮುಂದೇನೇ ಅತ್ತ. ಎಲ್ಲ ಹೇಳ್ದ. ಹೋಟೆಲಿಗೆ ನಾನು ಕೂಡಿಟ್ಟಿದ್ದು ಕಟ್ಟಿದೆ, ಪೂರ್ತಿ ಸಾಲಲಿಲ್ಲ, ಅದಕ್ಕೇ ಜೋಳದ ಸಾರು. ಅಮ್ಮನಿಗೆ ಅದು ಗೊತ್ತಿಲ್ಲ ಅಷ್ಟೆ."

ಫಾಂಗಕ್ಕ ಫೋನು ಹಿಡಿದು ಗೋಡೆಯ ಕಡೆ ತಿರುಗಿಕೊಂಡಳು.

"ನೀವಿದ್ರಿ ಅಂತಾನೂ ಹೇಳ್ದ. ನಿಮ್ಮನ್ನ ಬೈಬೇಡ ಅಂದ, ತಪ್ಪು ನಂದೇ ಅಂದ. ಶನಿವಾರ ನಾನು ತಲೆ ಬಿಚ್ಚಿ ಕೂತಿದ್ದು ನೀವು ಹೇಳ್ತೀರೇನೋ ಅಂತ ದೊಡ್ಡಮ್ಮ. ಕೇಳಿದ್ನಲ್ಲ. ನೀವು ಹೇಳಿದ್ದಿದ್ರೆ ನಿಮ್ಮ ಕೈಲೇ ಬಾಚಿಸ್ಕೋತಿದ್ದೆ. ದೊಡ್ಡಪ್ಪ ಸತ್ರು ಅಂತ ನೀವು ತಲೆ ತಗ್ಗಿಸಿದಾಗ ನನಗೆ ಮೈಯೆಲ್ಲ ತಣ್ಣಗಾಯ್ತು."

"ಮಗಳೇ..."

"ಅಂಗಿ ಹಿಡಿದು ಎಳೆದಿದ್ದನ್ನೂ ಅಮ್ಮನಿಗೆ ಹೇಳಿದ್ರಾ?"

ಫಾಂಗಕ್ಕ ಫೋನನ್ನು ಕಿವಿಯಿಂದ ತೆಗೆದಳು. ಕಾಮ್-ಹಾ ಚೀಲ ಹೆಗಲಿಗೇರಿಸಿ, ಅಳಿಯನನ್ನು ಹುಡುಕಿಕೊಂಡು ಹೊರಡಲು ನಿಂತಿದ್ದಳು. ಬಿಂಗ್ ಕುರ್ಚಿಯಲ್ಲಿ ಹಾಗೆಯೇ ಕೂತಿದ್ದ. ಅವನು ಅವಳನ್ನು ನೋಡುತ್ತಿದ್ದ ರೀತಿ ಮದುವೆಯಾದ ಮೂವತ್ತೆಂಟು ವರ್ಷದಲ್ಲಿ ಅವಳು ಕಂಡದ್ದಲ್ಲ.

"ನಿಲ್ಲು ಕಾಮ್-ಹಾ," ಎಂದಳು. "ಅವನು ಗೆದ್ದು ಎದ್ದಿದ್ದ. ದುಡ್ಡು ಜೇಬಿಗೆ ಹಾಕ್ಕೊಂಡು, ಸಾಕು ಅಂತ ಎದ್ದಿದ್ದ. ಅಂಗಿ ಹಿಡಿದು ಎಳೆದು ಕೂರಿಸಿದವಳು ನಾನು."

ಫೋನಿನಲ್ಲಿ ಹುಡುಗಿ ಇನ್ನೂ ಇದ್ದಳು. ಅಂಗಡಿಗೆ ಬಂದ ಯಾರಿಗೋ, ಒಂದು ನಿಮಿಷ ಇರಿ, ಎನ್ನುವುದು ಕೇಳಿಸಿತು.