ಬಾನೆಟ್ ಮೇಲಿಟ್ಟ ಅಂಗೈ

ಬಲಗೈ ಬಳೆಗಳನ್ನು ಮೇಲಕ್ಕೆ ಸರಿಸಿ, ಅಂಗೈಯನ್ನು ಮಾರಾಟಕ್ಕಿಟ್ಟ ಕಾರಿನ ಬಾನೆಟ್ ಮೇಲೆ ಅಗಲವಾಗಿ ಇಟ್ಟು, ಕಣ್ಣು ಮುಚ್ಚಿ ನಿಲ್ಲುತ್ತಿದ್ದರು ನಮ್ಮ ಡ್ರೈವಿಂಗ್ ಮೇಡಂ. ಮಗುವಿನ ಹಣೆ ಮುಟ್ಟಿ ಜ್ವರ ನೋಡುವ ಹಾಗೆ. ಬಾನೆಟ್ ಬೆಚ್ಚಗಿದ್ದರೆ ಅಲ್ಲಿಗೆ ಮುಗಿಯಿತು. "ನಾವು ಬರೋಕ್ಕೆ ಮುಂಚೇನೇ ಸ್ಟಾರ್ಟ್ ಮಾಡಿ ಇಟ್ಟಿದೀರ ಸಾರ್, ಇನ್ನೊಂದಿನ ಬರ್ತೀವಿ" ಎಂದು ಹೊರಟೇಬಿಡುತ್ತಿದ್ದರು. ತಣ್ಣಗಿರುವ ಎಂಜಿನ್ ಬೆಳಗ್ಗೆ ಮೊದಲ ಸಲ ಏಳುವಾಗಲೇ ಅದರ ಬಂಡವಾಳ ಬಯಲಾಗುವುದು, ಬಿಸಿಯಾದ ಮೇಲೆ ಎಲ್ಲ ಗಾಡಿಗಳೂ ಸಂಭಾವಿತವೇ ಎನ್ನುತ್ತಿದ್ದರು.

ವಿಜಯನಗರದ ಅರ್ಧ ಹೆಂಗಸರಿಗೆ ಕ್ಲಚ್ ಬಿಡುವುದನ್ನು ಕಲಿಸಿದವರು ಅವರು. ಹತ್ತಿ ಸೀರೆ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕಾಲಿಗೆ ಕ್ಯಾನ್ವಾಸ್ ಶೂ. ಅವರ ಶಿಷ್ಯೆಯರಲ್ಲೇ ನಾನು ಕಡು ದಡ್ಡಿ. ಒಂದು ಸಲ ಮಾಗಡಿ ರಸ್ತೆಯ ನಟ್ಟನಡುವೆ ಗಾಡಿ ಆಫ್ ಮಾಡಿಕೊಂಡು ನಾನು ಬೆವರುತ್ತಿದ್ದರೆ, ಹಿಂದಿನ ಬಸ್ಸಿನವನು ಹಾರ್ನ್ ಮೇಲೆ ಕೈ ಇಟ್ಟವನು ತೆಗೆಯುತ್ತಲೇ ಇರಲಿಲ್ಲ. ಮೇಡಂ ಕಿಟಕಿಯಿಂದ ತಲೆ ಹೊರಹಾಕಿ, "ನೀನೇನಪ್ಪ, ಹುಟ್ಟುವಾಗ್ಲೇ ಬಸ್ ಓಡಿಸ್ಕೊಂಡು ಬಂದ್ಯಾ?" ಎಂದು ಕೇಳಿದರು. ಅವನಿಗೂ ನಗು ಬಂತು.

ಅವರ ಶಿಷ್ಯೆಯರು ಯಾರೂ ಅವರನ್ನು ಬಿಟ್ಟು ಹಳೇ ಕಾರು ಕೊಳ್ಳುತ್ತಿರಲಿಲ್ಲ. ನೋಡಲು ಬರುವುದಕ್ಕೆ ಅವರದೊಂದು ಕಟ್ಟುಪಾಡಿತ್ತು: ಗಾಡಿ ನೋಡಿ ಮುಗಿಯುವ ತನಕ ಮಾರುವವರ ಮನೆಯ ನೀರೂ ಮುಟ್ಟಬಾರದು. "ಒಂದು ಲೋಟ ಕಾಫಿ ಕುಡಿದ್ವೋ, ದಾಕ್ಷಿಣ್ಯ ಶುರು ಆಯ್ತು ಅಂತಾನೇ. ಆಮೇಲೆ ಬೇಡ ಅನ್ನೋಕ್ಕೆ ಬಾಯೇ ಬರಲ್ಲ ಕಣೇ." ಇದೆಂಥ ಒರಟುತನ ಎಂದು ನನಗನ್ನಿಸುತ್ತಿತ್ತು.

ಅಪ್ಪನಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲು ಬಿದ್ದುಹೋದಾಗ ನನಗೆ ಕಾರು ಬೇಕಾಯಿತು. ಶ್ರೀಗಂಧದ ಕಾವಲಿನಿಂದ ರಾಜಾಜಿನಗರಕ್ಕೆ ಫಿಸಿಯೋಥೆರಪಿಗೆ ಹೋಗಬೇಕು. ಆಟೋ ಹತ್ತಿಸುವುದರಲ್ಲಿ ನನಗೂ ಅಮ್ಮನಿಗೂ ಸಾಕಾಗುತ್ತಿತ್ತು. ಹಂಪ್ ಬಂದಾಗಲೆಲ್ಲ ಅಪ್ಪ ಸೀಟಿನಿಂದ ಜಾರುತ್ತಿದ್ದರು. ಮೊದಲ ಕೆಲವು ತಿಂಗಳು ಬಿಡದೆ ಮಾಡಿಸಿದರೇನೇ ಕೈಕಾಲು ವಾಪಸ್ಸು ಬರುವುದು ಎಂದು ಡಾಕ್ಟರ್ ಹೇಳಿದ್ದರು. ಅಪ್ಪ ಮಾತ್ರ "ಇವತ್ತೊಂದಿನ ಬೇಡಮ್ಮ" ಎನ್ನಲು ಶುರು ಮಾಡಿದ್ದರು. ಕೈಲಿದ್ದದ್ದೆಲ್ಲ ಸುರಿದರೆ ಒಂದು ಸಣ್ಣ ಪೆಟ್ರೋಲ್ ಕಾರು ಬರುತ್ತಿತ್ತು. ಅದು ಕೈಕೊಟ್ಟರೆ ಇನ್ನೊಂದಕ್ಕೆ ದಾರಿ ಇರಲಿಲ್ಲ.

ವಿಜಯನಗರದಲ್ಲಿ ಒಂದು ಕೆಂಪು ಕಾರು ಸಿಕ್ಕಿತು. ಮುಖ ನೋಡಿಕೊಳ್ಳಬಹುದು, ಹಾಗೆ ಹೊಳೆಯುತ್ತಿತ್ತು. ಅಪ್ಪನನ್ನೂ ಕರೆದುಕೊಂಡೇ ಹೋದೆವು. ಮಾಲೀಕರು ಅಪ್ಪನ ಊರಿನ ಕಡೆಯವರೇ ಎಂದು ಗೇಟಿನಲ್ಲೇ ಗೊತ್ತಾಯಿತು. ಕೇಳಬೇಕೆ! ಅವರ ಮನೆಯವರು ಕಾಫಿ, ಕೋಡುಬಳೆ ತಂದರು. ಮೇಡಂ ಕಣ್ಣಲ್ಲೇ ಬೇಡವೆಂದರೂ ನಾನು ಲೋಟ ತೆಗೆದುಕೊಂಡೆ. ಅವರ ಲೋಟ ಮಾತ್ರ ಕಟ್ಟೆಯ ಮೇಲೆ ಹಾಗೇ ಉಳಿಯಿತು.

ಬಾನೆಟ್ ತಣ್ಣಗಿತ್ತು. ಗಾಡಿ ಮೊದಲ ಸಲಕ್ಕೇ ಎದ್ದಿತು, ಹೊಗೆಯೂ ಇಲ್ಲ. ಮುಂದಿನ ಸೀಟಿನಲ್ಲಿ ಕೂರಿಸಿದ ಅಪ್ಪ, "ಇದ್ರಲ್ಲಿ ಕಾಲು ಚಾಚಬಹುದು ಕಣಮ್ಮ" ಎಂದು ನಕ್ಕರು. ಎಷ್ಟೋ ದಿನಗಳ ಮೇಲೆ ಕಂಡ ನಗು. ನಾನಾಗಲೇ ಮನಸ್ಸಿನಲ್ಲಿ ಕಾರಿಗೆ ಹೂವಿನ ಹಾರ ಹಾಕಿಯಾಗಿತ್ತು.

ಮೇಡಂ ಬಗ್ಗಿ ಮ್ಯಾಟ್ ಮೂಸಿದರು. ಆಮೇಲೆ ಅಪ್ಪನ ಪಕ್ಕದ ಸೀಟ್ ಬೆಲ್ಟ್ ಹಿಡಿದು ಎಳೆದರು, ಯಾರೂ ಎಳೆಯದಷ್ಟು, ಕೊನೆಯ ತನಕ. ಯಾವಾಗಲೂ ಒಳಗೇ ಸುತ್ತಿಕೊಂಡಿರುವ ಆ ಕೊನೆಯ ಗೇಣಿನಲ್ಲಿ ಒಣಗಿದ ಕೆಸರಿನ ಗೆರೆ. ಡಿಕ್ಕಿಯಲ್ಲಿ ಸ್ಟೆಪ್ನಿ ಎತ್ತಿದರೆ ಅದರ ಕೆಳಗೂ ಮಣ್ಣು.

"ಇದು ನೀರಲ್ಲಿ ಮುಳುಗಿತ್ತು ಕಣೇ" ಎಂದರು ನನ್ನ ಕಿವಿಯಲ್ಲಿ. "ಇವತ್ತು ಚೆನ್ನಾಗೇ ಓಡುತ್ತೆ. ಒಳಗೆ ವೈರಿಂಗ್ ತುಕ್ಕು ಹಿಡೀತಿರುತ್ತೆ. ಒಂದಿನ ನಡುರಸ್ತೇಲಿ ನಿಲ್ಸುತ್ತೆ. ಆಗ ಅಪ್ಪನ್ನ ಇಳಿಸ್ಕೊಂಡು ಏನ್ಮಾಡ್ತೀಯ?"

ಆದರೂ, ನಂಬುತ್ತೀರೋ ಇಲ್ಲವೋ, ನಾನು ಯೋಚಿಸಿದ್ದು ಆ ಮನೆಯಾಕೆಗೆ ಹೇಗೆ ಬೇಡ ಅನ್ನಲಿ ಎಂದು. ಕುಡಿದ ಕಾಫಿ ಬಾಯಿ ಕಟ್ಟಿಹಾಕಿತ್ತು.

ಮೇಡಂ ಮಾಲೀಕರನ್ನು ಹತ್ತಿರ ಕರೆದರು. "ಸಾರ್, ನಿಮಗೆ ಇದನ್ನ ಮಾರಿದೋರು ಹೇಳಿಲ್ಲ ಅನ್ಸುತ್ತೆ. ಬನ್ನಿ, ಇಲ್ನೋಡಿ."

ಅವರು ಬೆಲ್ಟನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. "ಅದಕ್ಕೇ ಮೇಡಂ, ಒಂದಲ್ಲ ಒಂದು ಕೆಡ್ತಾನೇ ಇತ್ತು. ನನ್ನ ಗ್ರಹಚಾರ ಅನ್ಕೊಂಡಿದ್ದೆ" ಎಂದರು.

ಆಮೇಲೆ ಮೇಡಂ ಕಟ್ಟೆಯ ಮೇಲೆ ಕೂತು, ಕೆನೆಗಟ್ಟಿ ಆರಿಹೋಗಿದ್ದ ಆ ಕಾಫಿಯನ್ನು ತಳದ ತನಕ ಕುಡಿದರು. "ಡಿಕಾಕ್ಷನ್ ಎಷ್ಟು ಚೆನ್ನಾಗಿ ಇಳಿಸಿದೀರಮ್ಮ" ಎಂದು ಆಕೆಗೆ ಹೇಳಿದರು. ನಾನು ಬೆರಗಾಗಿ ನಿಂತಿದ್ದೆ. ಬೇಡ ಎನ್ನುವುದನ್ನು ಯಾರ ಮುಖವೂ ಸಣ್ಣದಾಗದ ಹಾಗೆ ಹೇಳಬಹುದೆಂದು ನನಗೆ ಅಲ್ಲಿಯ ತನಕ ಗೊತ್ತೇ ಇರಲಿಲ್ಲ. ಇವತ್ತಿಗೂ ನೆನೆಸಿಕೊಂಡರೆ ಕೈ ಮುಗಿಯಬೇಕೆನಿಸುತ್ತದೆ.

ಕೊನೆಗೆ ಬಸವೇಶ್ವರನಗರದಲ್ಲಿ ಬಣ್ಣ ಮಾಸಿದ, ಬಾಗಿಲು ನೆಗ್ಗಿದ ಒಂದು ಕಾರು ನೋಡಿದೆವು. ಮೇಡಂ ಎಲ್ಲವನ್ನೂ ನೋಡಿ, ಬೆಲ್ಟನ್ನೂ ಎಳೆದು, "ರೂಪ ಇಲ್ಲ, ಗುಣ ಇದೆ. ಅಪ್ಪನ್ನ ಕೂರಿಸು" ಎಂದರು. ಅದು ಒಂದು ದಿನವೂ ದಾರಿಯಲ್ಲಿ ನಿಲ್ಲಲಿಲ್ಲ. ಅಪ್ಪನ ಬೆರಳು ಮೊದಲು ಅಲುಗಿತು, ಆಮೇಲೆ ಕೈ. ಈಗ ಕೋಲು ಹಿಡಿದು ಮೆಟ್ರೋ ಹತ್ತುತ್ತಾರೆ, ನನ್ನನ್ನೂ ಕರೆಯುವುದಿಲ್ಲ.

ಹೋದ ವರ್ಷ ಮೇಡಂ ನಿದ್ದೆಯಲ್ಲೇ ಹೋಗಿಬಿಟ್ಟರು. ಅವರ ಬೀದಿಯ ಎರಡೂ ಬದಿಗೆ ಕಾರುಗಳು ನಿಂತಿದ್ದವು. ಎಲ್ಲವನ್ನೂ ಹೆಂಗಸರೇ ಓಡಿಸಿಕೊಂಡು ಬಂದಿದ್ದರು. ಅಳುತ್ತಲೇ ಒಬ್ಬರಿಗೊಬ್ಬರು ರಿವರ್ಸ್ ತೆಗೆಯಲು ಕೈ ತೋರಿಸುತ್ತಿದ್ದರು.

ಮೊನ್ನೆ, ಮಾರಾಟಕ್ಕಿಟ್ಟ ನಮ್ಮ ಕಾರು ನೋಡಲು ಬೆಳಗ್ಗೆ ಒಬ್ಬ ಹುಡುಗಿ ಗಂಡನ ಜೊತೆ ಬಂದಳು. ನಾನು ಗಾಡಿ ಸ್ಟಾರ್ಟ್ ಮಾಡಿರಲಿಲ್ಲ. ಅಮ್ಮ ಆಗಲೇ ಕಾಫಿ ತಟ್ಟೆ ಹಿಡಿದು ಬಾಗಿಲಿಗೆ ಬಂದರು. ನಾನು ಅಡ್ಡ ನಿಂತು, "ಈಗ ಬೇಡಮ್ಮ, ಮೊದ್ಲು ಅವ್ರು ಗಾಡಿ ನೋಡ್ಲಿ" ಎಂದೆ. ಮಾನ ಮರ್ಯಾದೆ ಇಲ್ಲದವಳು ಎನ್ನುವ ಹಾಗೆ ಅಮ್ಮ ನನ್ನನ್ನು ನೋಡಿದರು.

ಆ ಹುಡುಗಿ ಬಳೆಗಳನ್ನು ಮೇಲಕ್ಕೆ ಸರಿಸಿ, ಬಾನೆಟ್ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದಳು.

"ಕಾಫಿ ಆರ್ಹೋಗುತ್ತೆ ಕಣೇ" ಎಂದರು ಅಮ್ಮ.

"ಆರಲಿ ಬಿಡಮ್ಮ" ಎಂದೆ.