ಮಣಿಸರದ ಅಡಿಯ ಹಕ್ಕಳೆ

ಸೋಮಿ ನನ್ನ ತಮ್ಮ ಜಟ್ಟಿಯ ಹೆಂಡತಿ. ನನ್ನ ಗಂಡ ಮನೆಯಳಿಯನಾಗಿ ಬಂದವರು; ಹಿಲ್ಲೂರಿನ ತವರಲ್ಲೇ ಮೂವತ್ತೊಂದು ವರ್ಷ ಇಬ್ಬರೂ ಒಂದೇ ಒಲೆಯಲ್ಲಿ ಅಡಿಗೆ ಮಾಡಿದ್ದೇವೆ. ಕಾಡಂಚಿನಲ್ಲಿ ದಿನಕ್ಕೆ ಎರಡು ಹೊರೆ ಹುಲ್ಲು ಕೊಯ್ಯುವವಳು ಅವಳು. ಮಾತು ಕಡಿಮೆ. ಕುತ್ತಿಗೆ ತುಂಬ ಮಣಿಸರ, ಅದರ ನಡುವೆ ಕರಿಮಣಿ. ಮೀಯುವಾಗಲೂ ತೆಗೆಯುವವಳಲ್ಲ.

ಕೊರೊನಾದ ಎರಡನೆಯ ವರ್ಷ, ಮಳೆ ಹಿಂದೆ ಸರಿದ ಮೇಲೆ, ಒಂದು ಸೋಮವಾರ ಅವಳಿಗೆ ಜ್ವರ ಬಂತು. ಆಶಾ ಕಾರ್ಯಕರ್ತೆ ಯೋಗಿತಾ ಮೂಗಿಗೆ ಕಡ್ಡಿ ಹಾಕಿಸಿದಳು. ಕೊರೊನಾ ಇಲ್ಲ ಎಂದು ಬಂತು. ಶುಕ್ರವಾರ ಮತ್ತೆ ಹಾಕಿಸಿದಳು. ಮತ್ತೆ ಇಲ್ಲ. ಜ್ವರ ಮಾತ್ರ ಇಳಿಯಲಿಲ್ಲ. ಕಡ್ಡಿಗೂ ಸಿಗದ ಕೊರೊನಾ ಇದು ಎಂದು ಪಕ್ಕದ ಮನೆಯವರು ನಮ್ಮ ಬಾವಿಗೆ ಬರುವುದನ್ನು ಬಿಟ್ಟರು. ಎಂಟನೆಯ ದಿನ ಸೋಮಿ ನನ್ನನ್ನು ಅವ್ವ ಎಂದು ಕರೆದಳು. ಅವಳ ಅವ್ವ ಸತ್ತು ಹನ್ನೆರಡು ವರ್ಷ.

ರಿಕ್ಷಾದಲ್ಲಿ ಅಂಕೋಲೆಯ ಆಸ್ಪತ್ರೆಗೆ ಒಯ್ದೆವು. ಸೊಳ್ಳೆಯ ಜ್ವರವೋ ಇಲಿಯ ಜ್ವರವೋ ನೋಡಬೇಕೆಂದು ಡಾಕ್ಟರಮ್ಮ ರಕ್ತ ತೆಗೆಸಿದರು. ದಿನವೂ ಏನು ಕೆಲಸ ಎಂದು ಕೇಳಿದರು. ಹುಲ್ಲು ಎಂದೆ. ಕಂಕುಳು, ಸೊಂಟ ಎಲ್ಲ ನೋಡಿ, ಮಣಿಸರ ತೆಗೆಯಿರಿ ಎಂದರು.

ಅರೆಪ್ರಜ್ಞೆಯಲ್ಲೂ ಸೋಮಿ ಎರಡೂ ಕೈಯಿಂದ ಅದನ್ನು ಹಿಡಿದುಕೊಂಡಳು. "ಅವ್ರು ಇರೂವಾಗ ನಾ ತೆಗೂದಿಲ್ಲ."

ನನ್ನ ಕರಿಮಣಿ ತೆಗೆದು ಒಂಬತ್ತು ವರ್ಷವಾಗಿತ್ತು. ನಾನು ಕೈ ಚಾಚಲಿಲ್ಲ. ಹೊರಗೆ ನಿಂತಿದ್ದ ಜಟ್ಟಿಯನ್ನು ಕರೆದೆ.

"ತೆಗೂದು ಬ್ಯಾಡ, ನಾ ಎತ್ತಿ ಹಿಡಿತೆ" ಎಂದ ಅವನು. "ನಾ ಬದ್ಕೇ ಇದ್ದೆ ಅಲ್ವಾ? ಬೇಕಾರೆ ಚಿವುಟಿ ನೋಡು."

ಅವಳ ಬೆರಳು ಸಡಿಲವಾಯಿತು. ಅವನು ಸರಗಳನ್ನೆಲ್ಲ ಬೊಗಸೆಯಲ್ಲಿ ಎತ್ತಿದ. ಅಡಿಯಲ್ಲಿ ಬೀಡಿ ಸುಟ್ಟಂತೆ ಒಂದು ಕಪ್ಪು ಹಕ್ಕಳೆ.

ಅದನ್ನು ನಾನು ಮೊದಲೇ ನೋಡಿದ್ದೆ. ಜ್ವರಕ್ಕೆ ಎರಡು ದಿನ ಮುಂಚೆ, ಮಣಿ ಉಜ್ಜಿದ ಗಾಯವೆಂದು ತೆಂಗಿನೆಣ್ಣೆ ಹಚ್ಚಿ ಮೇಲೆ ಸರ ಮುಚ್ಚಿದವಳು ನಾನೇ. ಅದನ್ನು ಡಾಕ್ಟರಮ್ಮನಿಗೆ ಹೇಳಿದೆ. ಅವರು ಬೈಯಲಿಲ್ಲ. ಹುಲ್ಲಿನಲ್ಲಿರುವ, ಕಣ್ಣಿಗೆ ಕಾಣದಷ್ಟು ಸಣ್ಣ ಹುಳ ಕಚ್ಚಿದ ಗುರುತು ಇದು, ಜ್ವರ ಅದರದೇ ಇರಬೇಕು, ಇನ್ನೂ ತಡವಾದರೆ ಶ್ವಾಸಕೋಶಕ್ಕೆ ಇಳಿಯುತ್ತದೆ ಎಂದರು. ಆಗಲೇ ಮದ್ದು ಶುರು ಮಾಡಿದರು.

ಎರಡು ದಿನ ನಾನು ಅವಳ ಉಸಿರು ಎಣಿಸುತ್ತ ಕುಳಿತೆ. ಮೂರನೆಯ ದಿನ ಮಧ್ಯಾಹ್ನ ಮೈ ಬೆವೆತು, ಗಂಜಿ ಕೇಳಿದಳು.

ತಿಂಗಳಾದ ಮೇಲೆ ಮತ್ತೆ ಹುಲ್ಲಿಗೆ ಹೋದಳು. ಹೋಗಬೇಡ ಎಂದರೆ ದನಕ್ಕೆ ಏನು ಹಾಕುವುದು? ಈಗ ಅವಳು ಬರುವಷ್ಟರಲ್ಲಿ ಬಿಸಿನೀರು ಕಾಯಿಸಿಡುತ್ತೇನೆ. ಮಿಂದ ಮೇಲೆ ಅಂಥ ಹಕ್ಕಳೆ ಇದೆಯೇ ಎಂದು ಮೈಯೆಲ್ಲ, ಸರದ ಅಡಿಯನ್ನೂ ನೋಡುತ್ತೇನೆ. ನನ್ನ ಕಣ್ಣು ಮಂಜು, ಬೆರಳಿನಿಂದ ತಡವಿ ನೋಡುತ್ತೇನೆ. ಸಾಕು ಅತ್ಗೆ ಎನ್ನುತ್ತಾಳೆ. ನಾನು ಇನ್ನೊಮ್ಮೆ ನೋಡುತ್ತೇನೆ.