ಅಣ್ಣನ ಎರಡು ಗಡಿಗೆ

ಮೊನ್ನೆ ಸೊಸೆ ಹುಣಸೆ ಬೀಜ ಹುರಿಯುತ್ತಿದ್ದಳು. ಆ ವಾಸನೆ ಮೂಗಿಗೆ ಬಡಿದೊಡನೆ ನಮ್ಮ ಅಣ್ಣ ನೆನಪಾದ.

ಎರಡನೇ ಮಹಾಯುದ್ಧ ಶುರುವಾಗುವ ಮುಂಚಿನ ಮಾತು. ತಿಳವಳ್ಳಿ ಹತ್ತಿರದ ನಮ್ಮ ಊರಿಗೆ ಆಗಷ್ಟೇ ಪಂಚಾಯ್ತಿ ಬಂದಿತ್ತು. ಮನೆಗೊಂದರಂತೆ ಕಂದಾಯವಾಗಿ ಬಂದ ಮನೆಪಟ್ಟಿಯ ದುಡ್ಡನ್ನು ಯಾವುದಕ್ಕೆ ಹಾಕಬೇಕೆಂದು ನಾಲ್ಕು ಜನ ದೊಡ್ಡವರು ಚಾವಡಿಯಲ್ಲಿ ಕುಳಿತು ಹೇಳುತ್ತಿದ್ದರು. ಅಣ್ಣ ಪಂಚನಾದ ವರ್ಷ ಅದು ಬೇಡವೆಂದ. ಚಾವಡಿಗೆ ಹೆಂಚೋ, ಕೆಳಗಿನ ಓಣಿಗೆ ಬಾವಿಯೋ, ಪಟ್ಟಿ ಕಟ್ಟಿದವರೇ ಹೇಳಲಿ ಎಂದು ಹಟ ಹಿಡಿದ. ಕೆಳಗಿನ ಓಣಿಯವರು ದನ ಇಳಿಯುವ ಕೆರೆಯ ನೀರನ್ನೇ ಕುಡಿಯುತ್ತಿದ್ದರು.

ಚಾವಡಿ ಕಟ್ಟೆಯ ಮೇಲೆ ಹೆಂಚಿಗೊಂದು, ಬಾವಿಗೊಂದು ಎಂದು ಎರಡು ಗಡಿಗೆ ಇಟ್ಟು ಬಾಯಿಗೆ ಅರಿವೆ ಹೊದಿಸಿದ. ಮನೆಗೊಬ್ಬರು ಒಂದು ಹುಣಸೆ ಬೀಜ ತಂದು ಎರಡರಲ್ಲೂ ಕೈ ಹಾಕಬೇಕು, ಬೇಕಾದದ್ದರಲ್ಲಿ ಬೀಜ ಬಿಡಬೇಕು. ಯಾರು ಎಲ್ಲಿ ಬಿಟ್ಟರೆಂದು ಗೌಡರಿಗೂ ತಿಳಿಯಬಾರದು.

"ಅರಿವಿ ಯಾಕ್ರೀ? ಒಳಗ ಹಾವು ಇಟ್ಟೀರೇನು?" ಎಂದಳು ಕೆಳಗಿನ ಓಣಿಯ ಒಬ್ಬ ಮುದುಕಿ. ಜನ ನಕ್ಕರು, ಆದರೆ ಮುಂದೆ ಬರಲಿಲ್ಲ.

ನನಗೂ ಅನುಮಾನ. ಆಗ ನಮ್ಮಿಬ್ಬರ ನಡುವೆ ಹೊಲದ ಪಾಲಿನ ಮಾತು ನಡೆದಿತ್ತು. ಹಿಂದಿನ ದಿನ ಅಣ್ಣ ಬಾವಿ ತೋಡುವವನನ್ನು ಕರೆದುಕೊಂಡು ನಮ್ಮ ಹೊಲದ ಕಡೆ ಹೋದದ್ದನ್ನು ಕಂಡಿದ್ದೆ... ಎಲ್ಲರೆದುರು ಎದ್ದು ಕೇಳಿಬಿಟ್ಟೆ: "ಅಣ್ಣಾ, ಬಾವಿ ಓಣ್ಯಾಗ ತೋಡಸ್ತಿಯೋ, ನಿನ್ನ ಪಾಲಿಗೆ ಹಿಡ್ಕೊಳ್ಳೋ ಹೊಲದಾಗೋ?"

ಅಣ್ಣ ನನ್ನನ್ನೇ ನೋಡಿದ. "ಓಣ್ಯಾಗಪಾ," ಎಂದ, ಅಷ್ಟೇ.

ಮುದುಕಿ ಬೀಜವನ್ನು ಸೆರಗಿಗೆ ಗಂಟು ಹಾಕಿಕೊಂಡಳು. "ಒಡಹುಟ್ಟಿದಾಂವನೇ ನಂಬವಲ್ಲ, ನಾವೇನ್ ನಂಬೂದು? ನಡೀರಿ."

ಒಬ್ಬೊಬ್ಬರೇ ಎದ್ದು ಹೋದರು. ಗಡಿಗೆಗಳು ಬರಿದೇ ಉಳಿದವು. ದೊಡ್ಡವರು ಹೇಳಿದಂತೆ ಚಾವಡಿಗೆ ಹೆಂಚು ಬಂತು.

ಮಳೆಗಾಲಕ್ಕೆ ಮುಂಚೆ ಪಾಲಾಯಿತು. ನಮ್ಮಲ್ಲಿ ದೊಡ್ಡವ ಪಾಲು ಮಾಡಬೇಕು, ಸಣ್ಣವ ಮೊದಲು ಆರಿಸಬೇಕು. ಅವನು ಮಾಡಿದ ಎರಡೂ ಪಾಲಿನ ಬದುವಿನಿಂದ ಬದುವಿಗೆ ತಿರುಗಿ ಮೋಸ ಹುಡುಕಿದೆ. ಸಿಗಲಿಲ್ಲ. ಹೊಲ ದಾಟಿದರೆ ಕೆಳಗಿನ ಓಣಿ. ಅಲ್ಲಿಗೆ ಹೋಗಲು ಬೇರೆ ದಾರಿಯೇ ಇಲ್ಲ. ಅಲ್ಲಿ ಬಾವಿಗೆಂದು ಅಣ್ಣ ಹೊಡೆಸಿದ್ದ ಗೂಟಗಳು ಓಣಿಯ ನಟ್ಟನಡುವೆ, ಆ ಮುದುಕಿಯ ಬಾಗಿಲ ಎದುರೇ ನಿಂತಿದ್ದವು.

ಆಗಲೂ ನಾನು ತಪ್ಪಾಯಿತೆನ್ನಲಿಲ್ಲ. ಅವನು ಮತ್ತೆ ಪಂಚನಾಗಲಿಲ್ಲ...

ಈಗ ಅಣ್ಣನಿಲ್ಲ. ಊರ ಸಭೆ ಸೇರಿದಾಗೆಲ್ಲ ಎದ್ದು ನಿಂತು, ಅವನು ಅಂದು ಖರೇನೇ ಹೇಳಿದ್ದನೆಂದು ಅನ್ನಬೇಕೆನಿಸುತ್ತದೆ. ಆದರೆ ನನ್ನ ಮಾತು ಕೇಳಿ ಅಂದು ಎದ್ದು ಹೋದವರಲ್ಲಿ ಈಗ ಒಬ್ಬರೂ ಉಳಿದಿಲ್ಲ.